ಕಡ್ಡಿ ಸಮೇತ ಕಿತ್ತು ಬಂದ ಕ್ಯಾಪ್: ಹಲ್ಲಿನ ಪೋಸ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ನಮ್ಮ ಕ್ಲಿನಿಕ್ಕಿನಲ್ಲಿ ಪೇಷಂಟ್‌ಗಳು ಕೇಳುವ ಪ್ರಶ್ನೆಗಳು ಇಲ್ಲಿವೆ. ನಡುನಡುವೆ ಗದಗ, ಹಾವೇರಿ ಕಡೆ ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದ ಡಾಕ್ಟರುಗಳೂ ಲ್ಯಾಬಿನ ಹುಡುಗರೂ ಫೋನಿನಲ್ಲಿ ಕೇಳುವ ಪ್ರಶ್ನೆಗಳು ಬರುತ್ತವೆ. ನಿಮಗೆ ಸಂಬಂಧವಿಲ್ಲ ಅನಿಸಿದ್ದನ್ನು ದಾಟಿ ಮುಂದೆ ಹೋಗಿ.

ಪೋಸ್ಟ್ ಅಂದ್ರೆ ಏನು? ರೂಟ್ ಕೆನಾಲ್ ಆದ ಮೇಲೆ ಎಲ್ಲರಿಗೂ ಬೇಕಾ?

ಎಲ್ಲರಿಗೂ ಬೇಡ. ಹಲ್ಲಿನ ಮೇಲ್ಭಾಗ ಸಾಕಷ್ಟು ಉಳಿದಿದ್ದರೆ ಫಿಲ್ಲಿಂಗ್ ತುಂಬಿ ಕ್ಯಾಪ್ ಹಾಕಿದರೆ ಆಯಿತು. ಹುಳುಕು ತಿಂದೋ, ಬೈಕಿನಿಂದ ಬಿದ್ದು ಮುರಿದೋ ಮೇಲ್ಭಾಗ ಹೋಗಿಬಿಟ್ಟಿದ್ದರೆ ಕ್ಯಾಪಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಆಗ ರೂಟ್ ಕೆನಾಲ್ ಮಾಡಿದ ದಾರಿಯಲ್ಲೇ ಬೇರಿನೊಳಗೆ ಒಂದು ಸಣ್ಣ ಕಡ್ಡಿ ಇಳಿಸುತ್ತೇವೆ. ಅದೇ ಪೋಸ್ಟ್. ಅದರ ಮೇಲೆ ಕಟ್ಟುವ ಭಾಗಕ್ಕೆ ಕೋರ್ ಎನ್ನುತ್ತಾರೆ. ಕೋರ್ ಮೇಲೆ ಕ್ಯಾಪ್ ಕೂರುತ್ತದೆ.

ದೊಡ್ಡ ದವಡೆ ಹಲ್ಲುಗಳಿಗೆ ಪೋಸ್ಟ್ ಬೇಕಾಗುವುದು ಕಡಿಮೆ. ಅವುಗಳ ಒಳಗೆ ನರ ಇದ್ದ ಕೋಣೆಯೇ ದೊಡ್ಡದು, ಕೋರ್‌ಗೆ ಅಲ್ಲೇ ಹಿಡಿತ ಸಿಗುತ್ತದೆ. ಮುಂದಿನ ಹಲ್ಲು ಮತ್ತು ಸಣ್ಣ ದವಡೆ ಹಲ್ಲುಗಳಿಗೇ ಇದು ಜಾಸ್ತಿ.

ಕಡ್ಡಿ ಹಾಕಿದ್ರೆ ಹಲ್ಲು ಗಟ್ಟಿ ಆಗ್ತದಲ್ಲ?

ಆಗುವುದಿಲ್ಲ. ಈ ತಪ್ಪು ತಿಳಿವಳಿಕೆ ಹಿಂದೆ ಡಾಕ್ಟರುಗಳಲ್ಲೂ ಇತ್ತು. ಪೋಸ್ಟಿನ ಕೆಲಸ ಕೋರ್ ಅನ್ನು ಹಿಡಿದಿಡುವುದು, ಅಷ್ಟೇ. ಅದಕ್ಕಾಗಿ ಬೇರಿನ ಒಳಗೆ ಕೊರೆಯಬೇಕಾಗುತ್ತದೆ. ಕೊರೆದಷ್ಟೂ ಬೇರು ತೆಳ್ಳಗಾಗುತ್ತದೆ.

ಹಲ್ಲನ್ನು ನಿಜವಾಗಿ ಕಾಪಾಡುವುದು ಒಸಡಿನ ಅಂಚಿನ ಮೇಲೆ ಸುತ್ತಲೂ ಉಳಿದಿರುವ ಗಟ್ಟಿ ಹಲ್ಲು. ಅದು ಒಂದೂವರೆಯಿಂದ 2 ಮಿಲಿಮೀಟರ್ ಎತ್ತರ ಇದ್ದು, ಕ್ಯಾಪಿನ ಅಂಚು ಅದನ್ನು ಸುತ್ತುವರಿದು ಹಿಡಿದರೆ ಬೇರು ಸೀಳುವ ಭಯ ಬಹಳ ಕಡಿಮೆ. ಬಂಡಿ ಗಾಲಿಗೆ ಕಬ್ಬಿಣದ ಹಳಿ ಬಿಗಿದ ಹಾಗೆ. ಇದಕ್ಕೆ ಫೆರೂಲ್ ಎನ್ನುತ್ತಾರೆ. ಫೆರೂಲ್ ಇಲ್ಲದ ಹಲ್ಲಿನಲ್ಲಿ ಅಗಿಯುವ ಭಾರವೆಲ್ಲ ಪೋಸ್ಟ್ ಮತ್ತು ಸಿಮೆಂಟಿನ ಮೇಲೆ ಬೀಳುತ್ತದೆ. ದಿನಾ ಅಲುಗಾಡಿ ಅಲುಗಾಡಿ ಸಿಮೆಂಟ್ ಪುಡಿಯಾಗುತ್ತದೆ. ಫೆರೂಲ್ ಸಿಗದಿದ್ದರೆ ಒಸಡು ಕೆಳಗಿಳಿಸುವ ಸಣ್ಣ ಆಪರೇಶನ್ ಮಾಡುತ್ತಾರೆ, ಇಲ್ಲವೇ ಬೇರನ್ನು ತಂತಿ ಹಾಕಿ ಮೇಲಕ್ಕೆ ಎಳೆಯುತ್ತಾರೆ. ಎರಡೂ ಆಗದಿದ್ದರೆ ಹಲ್ಲು ತೆಗೆಸಿ ಬೇರೆ ದಾರಿ ನೋಡುವುದೇ ಲೇಸು. ಇದನ್ನು ಮೊದಲೇ ಹೇಳಿಬಿಡುವ ಡಾಕ್ಟರ್ ಸಿಕ್ಕರೆ ಅವರ ಮಾತು ಕೇಳಿ.

"ಡಾಕ್ಟ್ರ, ಕ್ಯಾಪ್ ಕಡ್ಡಿ ಸಮೇತ ಕೈಯಾಗ ಬಂತ್ರಿ. ಸಿಮೆಂಟ್ ಡೂಪ್ಲಿಕೇಟ್ ಇತ್ತೇನ್ರಿ?"

ಎಲ್ಲರ ಅನುಮಾನವೂ ಮೊದಲು ಸಿಮೆಂಟಿನ ಮೇಲೆ. ಆದರೆ ಸಿಮೆಂಟಿನ ಬಾಟ್ಲಿ ತೆರೆಯುವ ಮುಂಚೆಯೇ ಮುಕ್ಕಾಲು ಪಾಲು ನಿರ್ಧಾರ ಆಗಿಹೋಗಿರುತ್ತದೆ. ಪೋಸ್ಟ್ ಎಷ್ಟು ಉದ್ದ, ಬೇರಿನ ಒಳಗೋಡೆಗೆ ಎಷ್ಟು ಹೊಂದಿ ಕೂತಿದೆ, ಗೋಡೆ ಸ್ವಚ್ಛವಾಗಿ ಒಣಗಿತ್ತಾ, ಮೇಲೆ ಎಷ್ಟು ಹಲ್ಲು ಉಳಿದಿತ್ತು ಎಂಬುದು ಮೊದಲು. ಸಿಮೆಂಟ್ ಆಮೇಲೆ.

ಕಿತ್ತು ಬಂದ ಪೋಸ್ಟೇ ಕಾರಣ ಹೇಳುತ್ತದೆ, ಹಾಗಾಗಿ ಅದನ್ನು ಎಸೆಯಬೇಡಿ, ತೊಳೆಯಲೂ ಬೇಡಿ. ನಾವು ಅದನ್ನು ಲೂಪ್ ಕನ್ನಡಕ (ದೊಡ್ಡದು ಮಾಡಿ ತೋರಿಸುವುದು) ಹಾಕಿಕೊಂಡು ತಿರುಗಿಸಿ ನೋಡುತ್ತೇವೆ. ಸಿಮೆಂಟ್ ಪೂರ್ತಿ ಕಡ್ಡಿಗೇ ಅಂಟಿಕೊಂಡು ಬಂದಿದ್ದರೆ ಬೇರಿನ ಗೋಡೆಯ ಕಡೆ ಹಿಡಿತ ಸಿಕ್ಕಿಲ್ಲ ಎಂದರ್ಥ. ಗೋಡೆಗೆ ಹಳೆಯ ಸೀಲರ್ (ರೂಟ್ ಕೆನಾಲ್ ಮುಚ್ಚುವಾಗ ಹಚ್ಚಿದ ಅಂಟು) ಮೆತ್ತಿಕೊಂಡಿತ್ತು, ಇಲ್ಲವೇ ಒದ್ದೆ ಇತ್ತು. ಕಡ್ಡಿ ನುಣ್ಣಗೆ ಹೊಳೆಯುತ್ತಾ ಬಂದಿದ್ದರೆ ಸಿಮೆಂಟ್ ಒಳಗೇ ಉಳಿದಿದೆ, ತಪ್ಪು ಕಡ್ಡಿಯ ಮೇಲ್ಮೈಯದು. ತುದಿಯಲ್ಲಿ ಮಾತ್ರ ಸಿಮೆಂಟ್ ಇಲ್ಲದೆ ಕಪ್ಪಗಾಗಿದ್ದರೆ ಅದು ತಳದವರೆಗೆ ತುಂಬಿರಲಿಲ್ಲ, ಗಾಳಿ ಸಿಕ್ಕಿಕೊಂಡಿತ್ತು. ಸಿಮೆಂಟ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ಇಲ್ಲವೇ ಇಲ್ಲ ಎಂದಾದರೆ ಪೋಸ್ಟ್ ವಾಲಿಕೊಂಡು ಕೂತಿತ್ತು. ಕಂದು ಬಣ್ಣ, ಕೆಟ್ಟ ವಾಸನೆ ಇದ್ದರೆ ಅದು ಬಿಚ್ಚಿ ಬಹಳ ದಿನ ಆಗಿದೆ, ನಿಮಗೆ ಗೊತ್ತಾಗಿದ್ದು ಮಾತ್ರ ಇವತ್ತು.

ಇನ್ನೊಂದು ಕೆಟ್ಟ ಕಾರಣವೂ ಇದೆ. ಬೇರೇ ಉದ್ದಕ್ಕೆ ಸೀಳಿದ್ದರೆ ಪೋಸ್ಟ್ ಸಡಿಲಾಗುತ್ತದೆ. ಆಗ ಯಾವ ಸಿಮೆಂಟೂ ನಿಲ್ಲುವುದಿಲ್ಲ, ಹಲ್ಲು ಉಳಿಯುವುದಿಲ್ಲ.

ಪೋಸ್ಟ್ ಎಷ್ಟು ಉದ್ದ ಇರಬೇಕು? ದಪ್ಪ ಇದ್ದಷ್ಟೂ ಒಳ್ಳೇದಲ್ವಾ?

ಉದ್ದ ಇದ್ದಷ್ಟೂ ಒಳ್ಳೆಯದು, ದಪ್ಪ ಇದ್ದಷ್ಟೂ ಅಲ್ಲ. ಪೋಸ್ಟ್ ಕಡೇಪಕ್ಷ ಮೇಲಿನ ಕ್ಯಾಪಿನಷ್ಟು ಉದ್ದ ಬೇರಿನೊಳಗೆ ಹೋಗಬೇಕು. ಬೇರಿನ ಮೂರರಲ್ಲಿ ಎರಡು ಪಾಲು ಹೋದರೆ ಇನ್ನೂ ಚೆನ್ನ. ಆದರೆ ತಳದಲ್ಲಿ 4ರಿಂದ 5 ಮಿಲಿಮೀಟರ್ ಗಟ್ಟಾ ಪರ್ಚಾ (ರೂಟ್ ಕೆನಾಲಿನಲ್ಲಿ ತುಂಬುವ ರಬ್ಬರಿನಂಥ ವಸ್ತು) ಮುಟ್ಟದೆ ಬಿಡಬೇಕು, ರೂಟ್ ಕೆನಾಲಿನ ಸೀಲ್ ಇರುವುದು ಅಲ್ಲೇ. ಗಿಡ್ಡ ಬೇರಿನ ಹಲ್ಲಿನಲ್ಲಿ ಈ ಎರಡೂ ಲೆಕ್ಕ ಒಟ್ಟಿಗೆ ಕೂಡುವುದಿಲ್ಲ. ಆಗ ಸೀಲ್ ಉಳಿಸಿಕೊಂಡು ಉದ್ದದಲ್ಲಿ ರಾಜಿ ಮಾಡಿಕೊಳ್ಳಬೇಕು.

ದಪ್ಪ ಬೇರಿನ ಅಗಲದ ಮೂರನೇ ಒಂದು ಪಾಲು ಮೀರಬಾರದು. ಸುತ್ತಲೂ ಕನಿಷ್ಠ 1 ಮಿಲಿಮೀಟರ್ ಹಲ್ಲು ಇರಬೇಕು. 1978ರಲ್ಲೇ ಸ್ಟ್ಯಾಂಡ್ಲಿ, ಕಾಪುಟೊ, ಹ್ಯಾನ್ಸನ್ ಎಂಬ ಮೂವರು ಪೋಸ್ಟುಗಳನ್ನು ಎಳೆದು ನೋಡಿ, ಹಿಡಿತದ ಮಟ್ಟಿಗೆ ಉದ್ದ ಮತ್ತು ಆಕಾರದ ಮುಂದೆ ದಪ್ಪದ ಲೆಕ್ಕ ಸಣ್ಣದು ಎಂದು ತೋರಿಸಿದ್ದರು. ಅವರಿಗೆ ಸ್ಕ್ರೂ ಥರದ್ದು ಎಲ್ಲಕ್ಕಿಂತ ಬಿಗಿಯಾಗಿ ಕಂಡಿತು. ಆಮೇಲೆ ಗೆರೆ ಕೊರೆದ ನೇರ ಪೋಸ್ಟ್. ತುದಿಗೆ ಸಣ್ಣಗಾಗುತ್ತಾ ಹೋಗುವ ನುಣುಪು ಪೋಸ್ಟ್ ಕೊನೆಗೆ.

ಹಂಗಾದ್ರ ಸ್ಕ್ರೂನೇ ಹಾಕ್ರಲಾ?

ಬೇಡ. ಸ್ಕ್ರೂ ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ ನಿಜ, ಆದರೆ ಬೇರನ್ನೇ ಸೀಳಬಹುದು. ಬಿಚ್ಚಿದ ಪೋಸ್ಟನ್ನು ಮತ್ತೆ ಹಾಕಬಹುದು, ಸೀಳಿದ ಬೇರಿಗೆ ಮದ್ದಿಲ್ಲ.

ಲೋಹದ ಕಾಸ್ಟ್ ಪೋಸ್ಟ್ ಒಳ್ಳೇದೋ, ಫೈಬರ್ ಪೋಸ್ಟ್ ಒಳ್ಳೇದೋ?

ಎರಡಕ್ಕೂ ಜಾಗ ಇದೆ. ಕಾಸ್ಟ್ ಪೋಸ್ಟ್ ನಿಮ್ಮ ಬೇರಿನ ಅಚ್ಚು ತೆಗೆದು ಲ್ಯಾಬಿನಲ್ಲಿ ಎರಕ ಹೊಯ್ದದ್ದು. ಪೋಸ್ಟ್ ಮತ್ತು ಕೋರ್ ಒಂದೇ ತುಂಡು. ನಮ್ಮ ಕಡೆ ಹೆಚ್ಚಾಗಿ ನಿಕಲ್-ಕ್ರೋಮಿಯಂ ಅಥವಾ ಕೋಬಾಲ್ಟ್-ಕ್ರೋಮಿಯಂ. ಫೈಬರ್ ಪೋಸ್ಟ್ ರೆಡಿಮೇಡ್. ಗಾಜಿನ ಎಳೆಗಳನ್ನು ರೆಸಿನ್‌ನಲ್ಲಿ (ಗಟ್ಟಿಯಾಗುವ ಪ್ಲಾಸ್ಟಿಕ್ ಥರದ ಅಂಟು) ಕೂಡಿಸಿ ಮಾಡಿದ್ದು, ಅಳತೆ ಪ್ರಕಾರ ಪ್ಯಾಕೆಟ್ಟಿನಲ್ಲಿ ಬರುತ್ತದೆ.

ವ್ಯತ್ಯಾಸ ಇರುವುದು ಬಾಗುವ ಗುಣದಲ್ಲಿ. ಹಲ್ಲಿನ ಡೆಂಟಿನ್‌ನ (ಎನಾಮಲ್ ಎಂಬ ಹೊರಪದರದ ಒಳಗಿನ ಭಾಗ) ಬಿಗಿತ ಸುಮಾರು 18 ಗಿಗಾಪ್ಯಾಸ್ಕಲ್ (ಈ ಅಂಕಿ ಹೆಚ್ಚಿದ್ದಷ್ಟೂ ಬಾಗುವುದು ಕಡಿಮೆ). ಟೈಟಾನಿಯಂದು ಸುಮಾರು 110, ನಿಕಲ್-ಕ್ರೋಮಿಯಂದು 200ರ ಆಸುಪಾಸು. ಫೈಬರ್ ಇವೆಲ್ಲಕ್ಕಿಂತ ಡೆಂಟಿನ್‌ಗೆ ಹತ್ತಿರ. ಕಡಿಯುವಾಗ ಹಲ್ಲಿನ ಜೊತೆಗೇ ಒಂಚೂರು ಬಾಗುತ್ತದೆ. ಹಾಗಾಗಿ ಫೈಬರ್ ಕೆಟ್ಟರೆ ಸಾಮಾನ್ಯವಾಗಿ ಬಿಚ್ಚಿಕೊಂಡು ಬರುತ್ತದೆ. ಲೋಹ ಕೆಟ್ಟರೆ ಬಿಚ್ಚಿಕೊಳ್ಳಲೂಬಹುದು, ಬೇರು ಒಡೆಯಲೂಬಹುದು.

ಫೆರೂಲ್ ಚೆನ್ನಾಗಿದ್ದು ಕೆನಾಲ್ ದುಂಡಗಿದ್ದರೆ ನಾನು ಫೈಬರ್ ಹಾಕುತ್ತೇನೆ. ಕೆನಾಲ್ ಅಗಲ ಅಥವಾ ಚಪ್ಪಟೆ ಇದ್ದು ಮೇಲ್ಭಾಗ ಕಡಿಮೆ ಇದ್ದರೆ, ಹಲ್ಲಿನ ದಿಕ್ಕು ಬದಲಿಸಬೇಕಿದ್ದರೆ ಕಾಸ್ಟ್. "ಈಗೆಲ್ಲ ಫೈಬರ್ ಜಮಾನಾ" ಎಂಬ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇಲ್ಲ.

ಕಾಸ್ಟ್ ಪೋಸ್ಟ್ ತಯಾರಿಯಲ್ಲಿ ಹಿಡಿತ ಕೆಡುವುದು ಎಲ್ಲಿ?

ಇದು ಲ್ಯಾಬಿನವರ ಪ್ರಶ್ನೆ. ಉತ್ತರ ಉದ್ದ ಇದೆ.

ಮೊದಲ ಜಾಗ, ಅಚ್ಚು. ಕೆಲವರು ಬಾಯಿಯಲ್ಲೇ ಕೆನಾಲಿಗೆ ಪ್ಲಾಸ್ಟಿಕ್ ಕಡ್ಡಿ ಇಳಿಸಿ ಸುತ್ತ ಪ್ಯಾಟರ್ನ್ ರೆಸಿನ್ ತುಂಬಿ ಪ್ಯಾಟರ್ನ್, ಅಂದರೆ ಪೋಸ್ಟಿನ ಮಾದರಿ, ತೆಗೆಯುತ್ತಾರೆ. ಇನ್ನು ಕೆಲವರು ಸಿಲಿಕೋನ್ ಇಂಪ್ರೆಷನ್ (ಅಚ್ಚು) ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಅಡಿಷನ್ ಸಿಲಿಕೋನ್ ಆದರೆ ಗದಗಿನಿಂದ ಬಸ್ಸಿನಲ್ಲಿ ಬಂದು ಮರುದಿನ ಡೈ (ಅಚ್ಚಿನಿಂದ ಮಾಡುವ ಹಲ್ಲಿನ ಪ್ರತಿರೂಪ) ಹೊಯ್ದರೂ ಅಳತೆ ಕೆಡುವುದಿಲ್ಲ. ಕಂಡೆನ್ಸೇಷನ್ ಸಿಲಿಕೋನ್‌ಗೆ ಆ ತಾಳ್ಮೆ ಇಲ್ಲ, ಬೇಗ ಕುಗ್ಗುತ್ತದೆ. ಒಳಗೆ ತಂತಿ ಇಡದೆ ತೆಗೆದ ಪೋಸ್ಟ್ ಇಂಪ್ರೆಷನ್ ಎಳೆಯುವಾಗಲೋ ಡೈ ಹೊಯ್ಯುವಾಗಲೋ ಬಾಗುತ್ತದೆ. ಆ ಬಾಗು ಕಣ್ಣಿಗೆ ಕಾಣುವುದಿಲ್ಲ, ಪೋಸ್ಟ್ ಬಾಯಿಗೆ ಹೋದಾಗ ಕಾಣುತ್ತದೆ. ಮೇ ತಿಂಗಳಲ್ಲಿ ಮೇಣದ ಪ್ಯಾಟರ್ನ್ ಬಸ್ಸಿನ ಪಾರ್ಸಲ್‌ಗೆ ಹಾಕಲೇಬೇಡಿ.

ಪ್ಯಾಟರ್ನ್ ರೆಸಿನ್ ಗಟ್ಟಿಯಾಗುವಾಗ ಕುಗ್ಗುತ್ತದೆ, ಅದರಲ್ಲೂ ಮೊದಲ ಅರ್ಧ ಗಂಟೆಯೊಳಗೆ ಹೆಚ್ಚು. ಒಂದೇ ಸಲ ಪೂರ್ತಿ ತುಂಬದೆ ಬ್ರಷ್‌ನಿಂದ ಸ್ವಲ್ಪ ಸ್ವಲ್ಪ ಹಚ್ಚಿ, ಅರ್ಧ ಬಿಗಿಯುವ ಹೊತ್ತಿಗೆ ಮೇಲೆ-ಕೆಳಗೆ ಆಡಿಸಿದರೆ ಕೆನಾಲಿನಲ್ಲಿ ಸಿಕ್ಕಿಹಾಕಿಕೊಳ್ಳುವುದೂ ಇಲ್ಲ.

ಎರಡನೇ ಜಾಗ ಎರಕ. ನನ್ನ ಪ್ರಕಾರ ಅಸಲಿ ವಿಷಯ ಇಲ್ಲಿದೆ. ಲೋಹ ತಣ್ಣಗಾದಾಗ ಕುಗ್ಗುತ್ತದೆ, ನಿಕಲ್-ಕ್ರೋಮಿಯಂನಂಥವು ಎರಡು ಪರ್ಸೆಂಟಿಗೂ ಜಾಸ್ತಿ. ಅದನ್ನು ಸರಿದೂಗಿಸಲು ಇನ್ವೆಸ್ಟ್‌ಮೆಂಟ್, ಅಂದರೆ ಲೋಹ ಹೊಯ್ಯುವ ಎರಕದ ಅಚ್ಚಿನ ವಸ್ತು, ಹಿಗ್ಗುವಂತೆ ಮಾಡುತ್ತೇವೆ. ಕ್ಯಾಪ್ ಹಲ್ಲಿನ ಹೊರಗೆ ಕೂರುತ್ತದೆ, ಆದ್ದರಿಂದ ಅದು ಒಂದು ಕೂದಲೆಳೆ ದೊಡ್ಡದಿರಬೇಕು. ಪೋಸ್ಟ್ ಹಲ್ಲಿನ ಒಳಗೆ ಹೋಗುತ್ತದೆ, ಅದು ಒಂದು ಕೂದಲೆಳೆ ಸಣ್ಣದಿರಬೇಕು. ಕೆಲಸದ ಒತ್ತಡದಲ್ಲಿ ಕ್ಯಾಪುಗಳ ಜೊತೆ ಪೋಸ್ಟನ್ನೂ ಒಂದೇ ರಿಂಗಿಗೆ (ಎರಕದ ಅಚ್ಚು ಕೂಡಿಸುವ ಬಳೆ) ಹಾಕಿ ಹೊಯ್ದರೆ ಪೋಸ್ಟ್ ದಪ್ಪ ಬರುತ್ತದೆ. ಕ್ಲಿನಿಕ್ಕಿನಲ್ಲಿ ಡಾಕ್ಟರ್ ಅದನ್ನು ತಿಕ್ಕಿ ತಿಕ್ಕಿ ಕೂರಿಸುತ್ತಾರೆ. ಕೂತಾಗ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಂದು. ಪೋಸ್ಟಿಗೆ ಬೇರೆ ರಿಂಗ್ ಇಡಿ. ಇನ್ವೆಸ್ಟ್‌ಮೆಂಟ್ ಕಲಸುವ ಸ್ಪೆಷಲ್ ಲಿಕ್ವಿಡ್ ಕಡಿಮೆ ಮಾಡಿ ಡಿಸ್ಟಿಲ್ಡ್ ವಾಟರ್ ಜಾಸ್ತಿ ಮಾಡಿದರೆ ಹಿಗ್ಗುವುದು ತಗ್ಗುತ್ತದೆ. ರಿಂಗಿನ ಒಳಗೆ ಲೈನರ್ ಹಾಳೆ ಹಾಕದೆ ಹೊಯ್ಯುವುದೂ ಹಳೆಯ ರೂಢಿ. ಮೊದಲು ಒಂದು ಹಳೇ ಡೈ ಮೇಲೆ ಹೊಯ್ದು ನಿಮ್ಮ ಇನ್ವೆಸ್ಟ್‌ಮೆಂಟಿಗೆ ಎಷ್ಟು ಹೊಂದುತ್ತದೆ ನೋಡಿಕೊಳ್ಳಿ.

ಮೂರನೆಯದು ಗುಳ್ಳೆ. ಇನ್ವೆಸ್ಟ್ ಮಾಡುವಾಗ ವ್ಯಾಕ್ಯೂಮ್ ಸರಿ ಇಲ್ಲದಿದ್ದರೆ ಗಾಳಿಗುಳ್ಳೆ ಉಳಿದು, ಅಲ್ಲಿ ಲೋಹ ತುಂಬಿ, ಪೋಸ್ಟಿನ ಮೇಲೆ ಸಾಸಿವೆಗಿಂತ ಸಣ್ಣ ಗಂಟುಗಳು ಬರುತ್ತವೆ. ಒಂದೇ ಒಂದು ಗಂಟು ಇದ್ದರೂ ಪೋಸ್ಟ್ ತಳ ಮುಟ್ಟುವುದಿಲ್ಲ. ಅದನ್ನು ಡೈ ಮೇಲೆ ಒತ್ತಿ ಕೂರಿಸಿದರೆ ಡೈ ಸವೆದು "ಸರಿ ಕೂತಿದೆ" ಎನಿಸುತ್ತದೆ, ಬಾಯಿಯಲ್ಲಿ ಕೂರುವುದಿಲ್ಲ. ಕಳಿಸುವ ಮುಂಚೆ ಲೆನ್ಸ್ ಕೆಳಗೆ ನೋಡಿ.

ಕೊನೆಗೆ ಮೇಲ್ಮೈ. ಪೋಸ್ಟಿನ ಬೇರಿನ ಭಾಗಕ್ಕೆ ಪಾಲಿಶ್ ಹೊಡೆದು ಕನ್ನಡಿ ಥರ ಹೊಳೆಸಿ ಕಳಿಸುವವರಿದ್ದಾರೆ. ನೋಡಲು ಚೆಂದ, ಹಿಡಿತಕ್ಕೆ ಹಾನಿ. 50 ಮೈಕ್ರಾನ್ ಅಲ್ಯೂಮಿನಾದಿಂದ ಸ್ಯಾಂಡ್‌ಬ್ಲಾಸ್ಟ್ ಮಾಡಿ (ಗಾಳಿಯ ರಭಸದಲ್ಲಿ ಪುಡಿ ಹೊಡೆದು ಒರಟು ಮಾಡಿ) ಮಂಕಾಗಿ ಬಿಡಿ. ಉದ್ದಕ್ಕೆ ಒಂದು ಸಣ್ಣ ಗೀರು ಹಾಕಿದರೆ ಹೆಚ್ಚಿನ ಸಿಮೆಂಟ್ ಹೊರಬರಲು ದಾರಿ ಆಗುತ್ತದೆ. ಆ ಗೀರು ಇಲ್ಲದಿದ್ದರೆ ದ್ರವದ ಒತ್ತಡಕ್ಕೆ ಪೋಸ್ಟ್ ಮೇಲಕ್ಕೆ ತಳ್ಳಿಕೊಳ್ಳುತ್ತದೆ, ಬೇರಿನ ಮೇಲೂ ಒತ್ತಡ ಬೀಳುತ್ತದೆ.

ಪೋಸ್ಟ್ ಬಿಗಿಯಾಗಿ ಕೂರಬೇಕಾ, ಸಲೀಸಾಗಿ ಇಳಿಯಬೇಕಾ?

ಬೆರಳಿನಿಂದ ಒತ್ತಿದರೆ ಇಳಿಯಬೇಕು, ತಿರುಗಬಾರದು, ಅಲುಗಾಡಬಾರದು. ಸುತ್ತಿಗೆ ಬೇಕಾದರೆ ಅದು ಬೆಣೆ. ಕೂತ ಮೇಲೆ ಎಕ್ಸ್‌ರೇ ತೆಗೆದು ಪೋಸ್ಟಿನ ತುದಿಗೂ ಗಟ್ಟಾ ಪರ್ಚಾಗೂ ನಡುವೆ ಖಾಲಿ ಜಾಗ ಇಲ್ಲ ಎಂದು ನೋಡಿಕೊಳ್ಳಬೇಕು.

ಸ್ಕ್ಯಾನ್ ಮಾಡಿ ಕಂಪ್ಯೂಟರ್‌ನಲ್ಲಿ ಮಾಡುವ ಪೋಸ್ಟ್ ಹೆಚ್ಚು ಗಟ್ಟಿ ನಿಲ್ಲುತ್ತದಾ?

ಚೆನ್ನಾಗಿ ಸ್ಕ್ಯಾನ್ ಆದರೆ ಹೊಂದಿಕೆ ಚೆನ್ನಾಗಿ ಬರುತ್ತದೆ. ತೊಡಕು ಎಂದರೆ ಬಾಯಿಯ ಸ್ಕ್ಯಾನರ್‌ನ ಬೆಳಕು ಆಳವಾದ, ಕಿರಿದಾದ ಕೆನಾಲಿನ ತಳಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ಅದಕ್ಕೇ ಹಲವರು ಇಂಪ್ರೆಷನ್ ತೆಗೆದು ಅದನ್ನೇ ಸ್ಕ್ಯಾನ್ ಮಾಡುತ್ತಾರೆ. ಆಮೇಲೆ ಫೈಬರ್ ಬ್ಲಾಕ್, ಜಿರ್ಕೋನಿಯಾ (ಬಿಳಿ ಸೆರಾಮಿಕ್) ಅಥವಾ ಲೋಹದಲ್ಲಿ ಕೊರೆಯಬಹುದು. ಪ್ಯಾಟರ್ನ್ ಮಾತ್ರ ಪ್ರಿಂಟ್ ಮಾಡಿ ಎರಕ ಹೊಯ್ಯುವವರೂ ಇದ್ದಾರೆ. ಜಿರ್ಕೋನಿಯಾ ಪೋಸ್ಟ್ ಬೆಳ್ಳಗೆ ಚೆಂದ, ಆದರೆ ಬಾಗುವುದೇ ಇಲ್ಲ. ಮುರಿದರೆ ಒಳಗಿನ ತುಂಡು ತೆಗೆಯುವುದು ಯಮಯಾತನೆ. ನಾನು ಹಾಕುವುದಿಲ್ಲ.

ಸರಿ, ಸಿಮೆಂಟ್‌ಗೆ ಬರೋಣ. ಯಾವುದು ಬೆಸ್ಟ್?

ಜಿಂಕ್ ಫಾಸ್ಫೇಟ್ ಹತ್ತೊಂಬತ್ತನೇ ಶತಮಾನದ ಮಾಲು, ಇವತ್ತಿಗೂ ನಡೆಯುತ್ತಿದೆ. ಅದು ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ. ಪೋಸ್ಟಿನ ಮತ್ತು ಗೋಡೆಯ ಸಣ್ಣ ಒರಟುಗಳಲ್ಲಿ ಹೊಕ್ಕು ಗಟ್ಟಿಯಾಗುತ್ತದೆ, ಅಷ್ಟೇ. ಆದ್ದರಿಂದ ಪೋಸ್ಟ್ ಉದ್ದವಿದ್ದು ಚೆನ್ನಾಗಿ ಹೊಂದಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಹಾಗಿದ್ದಾಗ ವರ್ಷಗಟ್ಟಲೆ ನಿಲ್ಲುತ್ತದೆ. ಇನ್ನೊಂದು ಲಾಭ, ಮುಂದೆ ರೂಟ್ ಕೆನಾಲ್ ಮತ್ತೆ ಮಾಡಬೇಕಾಗಿ ಬಂದರೆ ಅಲ್ಟ್ರಾಸಾನಿಕ್ ಕಂಪನ ಕೊಟ್ಟು ಈ ಸಿಮೆಂಟ್ ಪುಡಿ ಮಾಡಿ ಪೋಸ್ಟ್ ತೆಗೆಯಬಹುದು.

1968ರಲ್ಲಿ ಡೆನ್ನಿಸ್ ಸ್ಮಿತ್ ಪಾಲಿಕಾರ್ಬಾಕ್ಸಿಲೇಟ್ ತಂದರು. ಹಲ್ಲಿಗೆ ರಾಸಾಯನಿಕವಾಗಿ ಅಂಟುವ ಮೊದಲ ಸಿಮೆಂಟ್ ಅದು. ಆದರೆ ಭಾರಕ್ಕೆ ಮೆತ್ತಗೆ, ಪೋಸ್ಟಿಗೆ ಬೇಡ.

ಗ್ಲಾಸ್ ಅಯೊನೊಮರ್, ಅಂದರೆ ನಾವು ಜಿಐಸಿ ಎನ್ನುವುದು, ವಿಲ್ಸನ್ ಮತ್ತು ಕೆಂಟ್ 1972ರಲ್ಲಿ ಪರಿಚಯಿಸಿದ್ದು. ಹಲ್ಲಿನ ಕ್ಯಾಲ್ಸಿಯಂಗೆ ಅಂಟುತ್ತದೆ. ಕಾಸ್ಟ್ ಪೋಸ್ಟಿಗೆ ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವುದು ಇದೇ, ಬೆಲೆಯೂ ಕೈಗೆಟಕುವಂಥದ್ದು. ಆದರೆ ಮೊದಲ ಕೆಲವು ನಿಮಿಷ ಇದಕ್ಕೆ ನೀರು ತಾಗಬಾರದು. ಪೂರ್ತಿ ಬಲ ಬರಲು ಒಂದು ದಿನವಾದರೂ ಬೇಕು. ಪೋಸ್ಟ್ ಹಚ್ಚಿದ ಕೂಡಲೇ ಬರ್ (ತಿಕ್ಕುವ ಡ್ರಿಲ್ ತುದಿ) ಹಿಡಿದು ಕೋರ್ ತಿಕ್ಕಲು ಶುರು ಮಾಡಿದರೆ ಆ ನಡುಕಕ್ಕೇ ಒಳಗೆ ಬಿರುಕು ಬೀಳುತ್ತದೆ. ಅವಸರದ ಕೇಸುಗಳಲ್ಲಿ ಪೋಸ್ಟ್ ಬೇಗ ಬಿಚ್ಚಲು ಇದೊಂದು ದೊಡ್ಡ ಕಾರಣ ಎಂದು ನನ್ನ ಅಭಿಪ್ರಾಯ. ರೆಸಿನ್ ಬೆರೆಸಿದ ಜಿಐಸಿಯೂ ಇದೆ. ನೀರು ಹೀರಿ ಹಿಗ್ಗುವ ಗುಣ ಇರುವುದರಿಂದ ತೆಳ್ಳಗಿನ ಬೇರಿನಲ್ಲಿ ಕೆಲವರು ಅದನ್ನು ಬಳಸುವುದಿಲ್ಲ.

ರೆಸಿನ್ ಸಿಮೆಂಟ್ ಹಲ್ಲಿಗೂ ಪೋಸ್ಟಿಗೂ ಅಂಟುತ್ತದೆ. ಫೈಬರ್ ಪೋಸ್ಟಿಗೆ ಇದೇ ಬೇಕು. ಗಿಡ್ಡ ಪೋಸ್ಟಿಗೂ ಒಂದಿಷ್ಟು ಆಸರೆ ಆಗುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಹಲವು ಹೆಜ್ಜೆ, ಪ್ರತಿ ಹೆಜ್ಜೆಯಲ್ಲೂ ತಪ್ಪಲು ಅವಕಾಶ. ರೆಸಿನ್ ಗಟ್ಟಿಯಾಗುವಾಗ ಕುಗ್ಗುತ್ತದೆ. ಸಾಮಾನ್ಯ ಫಿಲ್ಲಿಂಗ್‌ನಲ್ಲಿ ಕುಗ್ಗಲು ಒಂದು ಕಡೆ ತೆರೆದಿರುತ್ತದೆ. ಕೆನಾಲಿನಲ್ಲಿ ನಾಲ್ಕೂ ಕಡೆ ಗೋಡೆ. ಅಂಟಿದ ಜಾಗಕ್ಕೂ ತೆರೆದ ಜಾಗಕ್ಕೂ ಇರುವ ಪ್ರಮಾಣವನ್ನು ಸಿ-ಫ್ಯಾಕ್ಟರ್ ಎನ್ನುತ್ತಾರೆ. ಫಿಲ್ಲಿಂಗ್‌ನಲ್ಲಿ ಅದು 1ರಿಂದ 5 ಇದ್ದರೆ ಕೆನಾಲಿನಲ್ಲಿ 200 ದಾಟಬಹುದು. ಹೀಗಾಗಿ ಕುಗ್ಗುವ ರೆಸಿನ್ ಗೋಡೆ ಬಿಟ್ಟು ಬರುವ ಅಪಾಯ ಇದ್ದೇ ಇದೆ. ಸಿಮೆಂಟ್ ಪದರ ತೆಳ್ಳಗಿದ್ದಷ್ಟೂ ಒಳ್ಳೆಯದು ಎನ್ನುವುದು ಇದಕ್ಕೇ.

ರೆಸಿನ್‌ನಲ್ಲೂ ಆಸಿಡ್ ಹಾಕಿ ಬಾಂಡ್ ಮಾಡುವುದೋ, ಸೆಲ್ಫ್ ಅಡ್ಹೆಸಿವ್ ಸಾಕೋ?

ಇದು ಜೂನಿಯರ್ ಡಾಕ್ಟರುಗಳಿಗೆ. 37 ಪರ್ಸೆಂಟ್ ಫಾಸ್ಫೊರಿಕ್ ಆಸಿಡ್ ಹಾಕಿ, ತೊಳೆದು, ಬಾಂಡ್ (ಅಂಟುದ್ರವ) ಹಚ್ಚುವ ವಿಧಾನ ಪುಸ್ತಕದಲ್ಲಿ ಸುಲಭ. ಕೆನಾಲಿನ ತಳದಲ್ಲಿ ಎಷ್ಟು ಒದ್ದೆ ಉಳಿದಿದೆ ಎಂದು ಯಾರಿಗೆ ಕಾಣುತ್ತದೆ? ಪೇಪರ್ ಪಾಯಿಂಟ್ (ಒದ್ದೆ ಹೀರುವ ಕಾಗದದ ಕಡ್ಡಿ) ಹೇಳಿದ್ದನ್ನು ನಂಬಬೇಕು. ಸೆಲ್ಫ್ ಅಡ್ಹೆಸಿವ್, ಅಂದರೆ ತಾನೇ ಅಂಟುವ ಸಿಮೆಂಟಿಗೆ ಆ ಗೋಜಿಲ್ಲ. ಫೈಬರ್ ಪೋಸ್ಟ್ ಹಿಡಿತದ ಬಗ್ಗೆ ಪ್ರಯೋಗಾಲಯದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಅದರ ಕಡೆಗೇ ತೂಕ ಕಂಡಿದೆ. ದಿನದ ಪ್ರಾಕ್ಟೀಸಿಗೆ ನಾನು ಅದನ್ನೇ ಹೇಳುತ್ತೇನೆ.

ಡ್ಯುಯಲ್ ಕ್ಯೂರ್, ಅಂದರೆ ಲೈಟಿಗೂ ತನ್ನಷ್ಟಕ್ಕೂ (ಸೆಲ್ಫ್ ಕ್ಯೂರ್) ಗಟ್ಟಿಯಾಗುವ ಸಿಮೆಂಟನ್ನೇ ತನ್ನಿ. ಲೈಟಿನ ಬೆಳಕು ಫೈಬರ್ ಮೂಲಕ ಹೋಗುತ್ತದೆ ಎಂದು ಕಂಪನಿಯವರು ಹೇಳಿದರೂ ತಳಕ್ಕೆ ಹೋಗುವಷ್ಟರಲ್ಲಿ ಬಹಳ ಕಡಿಮೆ ಆಗಿರುತ್ತದೆ. ಲೈಟ್ ಹೊಡೆದ ಮೇಲೂ ಐದಾರು ನಿಮಿಷ ಕಾಯ್ದು ಕೋರ್ ಕೆಲಸಕ್ಕೆ ಕೈ ಹಾಕಿ. ಡ್ಯುಯಲ್ ಕ್ಯೂರ್ ಸಿಮೆಂಟ್ ಜೊತೆಗೆ ಒಂದೇ ಬಾಟ್ಲಿಯ ಆಮ್ಲೀಯ ಬಾಂಡ್ ಬಳಸುವುದಾದರೆ ಅದರ ಆಕ್ಟಿವೇಟರ್ ಬೇಕೇ ನೋಡಿ. ಬಾಂಡಿನ ಆಮ್ಲ ಸಿಮೆಂಟಿನ ಸೆಲ್ಫ್ ಕ್ಯೂರ್ ಕೆಲಸವನ್ನೇ ಕೆಡಿಸುತ್ತದೆ.

ಕೆನಾಲ್ ತೊಳೆಯುವ ಔಷಧಿಯಿಂದಲೂ ಹಿಡಿತ ಕಡಿಮೆ ಆಗುತ್ತದಂತೆ, ಹೌದಾ?

ಹೌದು. ಸೋಡಿಯಂ ಹೈಪೋಕ್ಲೋರೈಟ್ ರೂಟ್ ಕೆನಾಲಿಗೆ ಬೇಕೇ ಬೇಕು. ಆದರೆ ಅದು ಗೋಡೆಯಲ್ಲಿ ಆಮ್ಲಜನಕ ಬಿಡುತ್ತದೆ, ಆಮ್ಲಜನಕ ಇದ್ದಲ್ಲಿ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಪೋಸ್ಟ್ ಜಾಗ ಕೊರೆದ ಮೇಲೆ ಕೊನೆಯ ತೊಳೆತ ಹೈಪೋಕ್ಲೋರೈಟಿನದು ಆಗಬಾರದು. 17 ಪರ್ಸೆಂಟ್ ಇಡಿಟಿಎ (ಗೋಡೆಗೆ ಮೆತ್ತಿದ ಕೊರೆದ ಪುಡಿ ತೆಗೆಯುವ ದ್ರವ) ಒಂದು ನಿಮಿಷ ಇಟ್ಟು, ಆಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಹೈಡ್ರೋಜನ್ ಪೆರಾಕ್ಸೈಡ್‌ನದೂ ಇದೇ ತಕರಾರು.

ಇನ್ನೊಂದು ಲವಂಗದೆಣ್ಣೆಯ ಯೂಜೆನಾಲ್. ಜಿಂಕ್ ಆಕ್ಸೈಡ್ ಯೂಜೆನಾಲ್ ಸೀಲರ್, ಟೆಂಪರರಿ ಸಿಮೆಂಟ್ ಎರಡರಲ್ಲೂ ಇರುತ್ತದೆ. ಇದೂ ರೆಸಿನ್‌ಗೆ ಆಗಿಬರುವುದಿಲ್ಲ. ರೆಸಿನ್ ಹಾಕುವುದು ಮೊದಲೇ ಗೊತ್ತಿದ್ದರೆ ಎಪಾಕ್ಸಿ ರೆಸಿನ್ ಸೀಲರ್ ಬಳಸಿ. ಬೇರೆ ಕಡೆ ರೂಟ್ ಕೆನಾಲ್ ಆಗಿ ಬಂದ ಹಲ್ಲಾದರೆ ಗೋಡೆಯನ್ನು ಡ್ರಿಲ್ಲಿನಿಂದ ಹೊಸದಾಗಿ ಸವರಿ, ಲೂಪ್ ಹಾಕಿ ನೋಡಿ, ಗುಲಾಬಿ ಬಣ್ಣದ ಗಟ್ಟಾ ಪರ್ಚಾ ಮೆತ್ತಿಕೊಂಡಿದ್ದರೆ ಪೂರ್ತಿ ತೆಗೆಯಿರಿ. ಚಪ್ಪಟೆ ಕೆನಾಲಿನ ಮೂಲೆಗಳಲ್ಲಿ ಅದು ಉಳಿದೇ ಉಳಿಯುತ್ತದೆ, ದುಂಡು ಡ್ರಿಲ್ ಅಲ್ಲಿಗೆ ತಲುಪುವುದಿಲ್ಲ.

ಫೈಬರ್ ಪೋಸ್ಟಿಗೆ ಏನಾದರೂ ಹಚ್ಚಬೇಕಾ?

ಕೆನಾಲಿಗೆ ಇಳಿಸಿ ಅಳತೆ ನೋಡಿದ ಮೇಲೆ ಆಲ್ಕೋಹಾಲ್‌ನಿಂದ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಸೈಲೇನ್ (ಗಾಜನ್ನು ರೆಸಿನ್‌ಗೆ ಬೆಸೆಯುವ ದ್ರವ) ಹಚ್ಚಿ ಒಂದು ನಿಮಿಷ ಒಣಗಲು ಬಿಡಿ. ಸೈಲೇನ್ ಗಾಜಿಗೆ ಅಂಟುತ್ತದೆ, ಎಳೆಗಳ ನಡುವಿನ ಎಪಾಕ್ಸಿಗೆ ಅಷ್ಟಾಗಿ ಅಲ್ಲ. ಅದಕ್ಕೇ ಕೆಲವರು ಪೆರಾಕ್ಸೈಡ್‌ನಲ್ಲಿ ಅದ್ದಿ ಎಪಾಕ್ಸಿ ಸ್ವಲ್ಪ ಕರಗಿಸಿ ಎಳೆ ಹೊರಗೆ ತರುತ್ತಾರೆ. ಜೋರಾಗಿ ಸ್ಯಾಂಡ್‌ಬ್ಲಾಸ್ಟ್ ಮಾಡಿದರೆ ಎಳೆಗಳೇ ಹರಿಯುತ್ತವೆ. ಉದ್ದ ಕತ್ತರಿಸಲು ಕಟರ್ ಪ್ಲೈಯರ್ ಬಳಸಬೇಡಿ, ಎಳೆಗಳು ಜಜ್ಜಿಹೋಗಿ ಬಿಡಿಬಿಡಿಯಾಗುತ್ತವೆ. ನೀರು ಬಿಡುತ್ತಾ ಡೈಮಂಡ್ ಬರ್‌ನಲ್ಲಿ ಕತ್ತರಿಸಿ.

ಸಿಮೆಂಟನ್ನು ಪೋಸ್ಟಿಗೆ ಮೆತ್ತಿ ತುರುಕುವುದಕ್ಕಿಂತ ಉದ್ದ ಮೂತಿಯ ಟಿಪ್ ತಳಕ್ಕೆ ಇಳಿಸಿ, ತುಂಬುತ್ತಾ ಮೇಲಕ್ಕೆ ಬನ್ನಿ. ಗಾಳಿ ಸಿಕ್ಕುವುದಿಲ್ಲ. ಲೆಂಟುಲೊ (ಸಿಮೆಂಟ್ ಒಳಗಿಳಿಸುವ, ತಿರುಗುವ ಸುರುಳಿ ತಂತಿ) ಜಿಂಕ್ ಫಾಸ್ಫೇಟಿಗೆ ಸರಿ. ಹಲವು ರೆಸಿನ್ ಸಿಮೆಂಟುಗಳು ಅದರ ತಿರುಗಾಟಕ್ಕೆ ಬೇಗ ಬಿಗಿದು ಪೋಸ್ಟ್ ಅರ್ಧದಲ್ಲೇ ನಿಲ್ಲುತ್ತದೆ. ಕೆನಾಲ್ ಅಗಲವಿದ್ದರೆ ಫೈಬರ್ ಪೋಸ್ಟಿನ ಸುತ್ತ ಕಾಂಪೋಸಿಟ್ (ರೆಸಿನ್ ಫಿಲ್ಲಿಂಗ್ ಮಾಲು) ಮೆತ್ತಿ, ಕೆನಾಲಿನೊಳಗೇ ಅಚ್ಚು ಮಾಡಿ, ಹೊರತೆಗೆದು ಗಟ್ಟಿ ಮಾಡಿ ಆಮೇಲೆ ಸಿಮೆಂಟ್ ಮಾಡಿ. ಸಂದನ್ನು ಬರೀ ಸಿಮೆಂಟಿನಿಂದ ತುಂಬಿಸುವುದು ಆಲಸ್ಯದ ಕೆಲಸ.

ನಮ್ಮೂರ ಬಿಸಿಲಿಗೆ, ಮಳೆಗೆ ಸಿಮೆಂಟ್ ಕೆಡುತ್ತದಾ?

ಈ ಪ್ರಶ್ನೆ ಕೇಳಬೇಕಾದ್ದೇ. ಏಪ್ರಿಲ್-ಮೇ ತಿಂಗಳಲ್ಲಿ ಎಸಿ ಇಲ್ಲದ ಕ್ಲಿನಿಕ್ಕಿನಲ್ಲಿ ಜಿಂಕ್ ಫಾಸ್ಫೇಟ್ ಕಲಸುತ್ತಿದ್ದಂತೆ ಬಿಗಿಯುತ್ತದೆ. ಅದಕ್ಕೆ ಗಾಜಿನ ಸ್ಲ್ಯಾಬ್ ತಂಪು ಮಾಡಿ, ಅಗಲವಾಗಿ ಹರಡಿ, ಪುಡಿ ಸ್ವಲ್ಪ ಸ್ವಲ್ಪ ಸೇರಿಸಿ ಕಲಸುತ್ತಾರೆ. ಜೂನ್ ದಾಟಿ ಧಾರವಾಡದ ಜಿಟಿಜಿಟಿ ಮಳೆ ಶುರುವಾದಾಗ ಅದೇ ತಂಪು ಸ್ಲ್ಯಾಬಿನ ಮೇಲೆ ಇಬ್ಬನಿ ಕೂರುತ್ತದೆ. ಆ ನೀರು ಸಿಮೆಂಟಿಗೆ ಸೇರಿದರೆ ಬೇಗ ಬಿಗಿದು ಬಲ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಸ್ಲ್ಯಾಬ್ ತೀರಾ ತಣ್ಣಗೆ ಮಾಡಬೇಡಿ, ಒರೆಸಿ ಕಲಸಿ.

ಜಿಐಸಿ ಪುಡಿಯ ಮುಚ್ಚಳ ಬಿಗಿಯಾಗಿರಲಿ, ಲಿಕ್ವಿಡ್ ಹನಿ ಹಾಕುವಾಗ ಬಾಟ್ಲಿ ನೇರ ಹಿಡಿಯಿರಿ, ಗುಳ್ಳೆ ಬಂದರೆ ಅಳತೆ ತಪ್ಪುತ್ತದೆ. ರೆಸಿನ್ ಸಿರಿಂಜ್ ಫ್ರಿಜ್‌ನಲ್ಲಿಟ್ಟಿದ್ದರೆ ಕೋಣೆಯ ಉಷ್ಣತೆಗೆ ಬಂದ ಮೇಲೆ ಬಳಸಿ.

ನಾವು ಮುಂಡರಗಿ ಕಡೆಯವರು, ನೀರಿಂದ ಹಲ್ಲು ಕಂದಾಗಿವೆ. ಪೋಸ್ಟ್ ನಿಲ್ಲುತ್ತದಾ?

ನಿಲ್ಲುತ್ತದೆ. ಗದಗ ಜಿಲ್ಲೆಯ ಮುಂಡರಗಿ ಸುತ್ತಮುತ್ತ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದರಿಂದ ಕಂದಾದ ಎನಾಮಲ್ ಆಸಿಡ್‌ಗೆ ಬೇಗ ಜಗ್ಗುವುದಿಲ್ಲ, ಹಾಗಾಗಿ ಮೇಲ್ಭಾಗದಲ್ಲಿ ಕಾಂಪೋಸಿಟ್ ಅಂಟಿಸುವಾಗ ಆಸಿಡ್ ಹೆಚ್ಚು ಹೊತ್ತು ಇಡಬೇಕಾಗಬಹುದು. ಪೋಸ್ಟ್ ಅಂಟುವುದು ಬೇರಿನ ಡೆಂಟಿನ್‌ಗೆ, ಅಲ್ಲಿ ಎನಾಮಲ್ ಇಲ್ಲ. ನಿಮ್ಮ ಊರು, ಕುಡಿದ ನೀರು ಯಾವುದು ಎಂದು ಮೊದಲೇ ಹೇಳಿ.

ಪೋಸ್ಟ್ ಹಾಕಿದ ಮೇಲೆ ಖಡಕ್ ರೊಟ್ಟಿ ತಿನ್ನಬಹುದಾ?

ಕ್ಯಾಪ್ ಬರುವ ತನಕ ಆ ಕಡೆ ಬೇಡ. ಅನ್ನ, ಮೆತ್ತಗಿನ ರೊಟ್ಟಿ, ಪೇಡೆ ಎಲ್ಲ ನಡೆಯುತ್ತದೆ. ಕ್ಯಾಪ್ ಬಂದ ಮೇಲೆ ಖಡಕ್ ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ತಿನ್ನಿ, ತೊಂದರೆಯಿಲ್ಲ. ಮುಂದಿನ ಹಲ್ಲಿನ ಪೋಸ್ಟಾದರೆ ಕಬ್ಬು ಸಿಗಿಯುವುದು, ಮೂಳೆ ಕಡಿಯುವುದು ಬಿಡಬೇಕು. ಅಡ್ಡಕ್ಕೆ ಎಳೆಯುವ ಬಲ ಪೋಸ್ಟಿಗೆ ಕೆಟ್ಟದ್ದು. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ಮನೆಯವರನ್ನು ಕೇಳಿ ಬನ್ನಿ, ನಿಮಗೇ ಗೊತ್ತಿರುವುದಿಲ್ಲ.

ಬಿಚ್ಚಿದ ಕ್ಯಾಪನ್ನು ಮನೆಯಲ್ಲೇ ಫೆವಿಕ್ವಿಕ್ ಹಾಕಿ ಕೂರಿಸಿದರೆ?

ದಯವಿಟ್ಟು ಬೇಡ. ಅರ್ಧಕ್ಕೆ ಕೂತು ಗಟ್ಟಿಯಾಗುತ್ತದೆ, ಒಸಡು ಸುಡುತ್ತದೆ, ಆಮೇಲೆ ಅದನ್ನು ಕೆರೆದು ತೆಗೆಯುವಾಗ ಒಳ್ಳೆಯ ಹಲ್ಲೂ ಹೋಗುತ್ತದೆ. ಸುಮ್ನೆ ಬಾಯಿಗೆ ಸಿಕ್ಕಿಸಿಕೊಂಡು ಮಲಗಲೂಬೇಡಿ, ನಿದ್ದೆಯಲ್ಲಿ ನುಂಗುವ, ಉಸಿರಿನ ಜೊತೆ ಒಳಗೆ ಹೋಗುವ ಅಪಾಯ ಇದೆ. ಪೊಟ್ಟಣ ಕಟ್ಟಿ ತನ್ನಿ, ಆದಷ್ಟು ಬೇಗ ಬನ್ನಿ. ತೆರೆದ ಕೆನಾಲಿಗೆ ಎಂಜಲು ಇಳಿದು ವಾರಗಟ್ಟಲೆ ಆದರೆ ರೂಟ್ ಕೆನಾಲನ್ನೇ ಮತ್ತೆ ಮಾಡಬೇಕಾಗಬಹುದು.

ಅದೇ ಪೋಸ್ಟ್ ಮತ್ತೆ ಹಚ್ಚಿಕೊಡ್ತೀರಾ?

ಬೇರು ಸೀಳಿಲ್ಲ, ಹೊಸ ಹುಳುಕಿಲ್ಲ, ಪೋಸ್ಟ್ ಉದ್ದ ಸರಿ ಇದೆ, ಫೆರೂಲ್ ಇದೆ ಎಂದಾದರೆ ಹಚ್ಚಬಹುದು. ಹಳೆ ಸಿಮೆಂಟ್ ಪೂರ್ತಿ ತೆಗೆದು, ಸ್ಯಾಂಡ್‌ಬ್ಲಾಸ್ಟ್ ಮಾಡಿ, ಗೋಡೆ ಹೊಸದಾಗಿ ಸವರಿ ಹಚ್ಚುತ್ತೇವೆ. ಕಾರಣ ಹುಡುಕದೆ ಬರೀ ಇನ್ನೂ ದುಬಾರಿ ಸಿಮೆಂಟ್ ಹಾಕಿ ಕಳಿಸಿದರೆ ಮತ್ತೆ ಪೊಟ್ಟಣ ಹಿಡಿದು ಬರುತ್ತೀರಿ. ಗಿಡ್ಡ ಪೋಸ್ಟಾದರೆ ಹೊಸದೇ ಮಾಡಿಸಬೇಕು.

ಹಾವೇರಿಯಿಂದ ಬರ್ತೀವಿ. ಒಂದೇ ಸಲಕ್ಕೆ ಮುಗಿಯಲ್ವಾ?

ಫೈಬರ್ ಪೋಸ್ಟ್, ಕೋರ್, ಕ್ಯಾಪಿನ ಅಳತೆ ಒಂದೇ ದಿನ ಆಗುತ್ತದೆ. ಕಾಸ್ಟ್ ಪೋಸ್ಟ್ ಲ್ಯಾಬಿಗೆ ಹೋಗಿ ಬರಬೇಕು, ಹಾಗಾಗಿ ಒಂದು ಓಡಾಟ ಜಾಸ್ತಿ. ನಡುವಿನ ದಿನಗಳಲ್ಲಿ ಕೆನಾಲ್ ಖಾಲಿ ಇರುತ್ತದೆ. ಟೆಂಪರರಿ ಫಿಲ್ಲಿಂಗ್ ಬಿದ್ದುಹೋದರೆ ಮುಂದಿನ ಡೇಟ್ ತನಕ ಕಾಯದೆ ಹತ್ತಿರದ ಹಲ್ಲಿನ ಡಾಕ್ಟರ್ ಹತ್ತಿರ ಮುಚ್ಚಿಸಿಕೊಳ್ಳಿ. ಖರ್ಚಿನ ಚಿಂತೆ ಇದ್ದರೆ ಹುಬ್ಬಳ್ಳಿ-ಧಾರವಾಡದ ನಡುವೆ ಸತ್ತೂರಿನಲ್ಲಿರುವ ಎಸ್‌ಡಿಎಂ ದಂತ ಕಾಲೇಜಿನಂಥ ಕಡೆ ತೋರಿಸಬಹುದು, ಚಿಗರಿ ಬಸ್ಸಿನಲ್ಲೇ ಹೋಗಬಹುದು. ಕಲಿಸುವ ಜಾಗ ಆದ್ದರಿಂದ ಪ್ರತಿ ಹೆಜ್ಜೆಯನ್ನೂ ಮೇಷ್ಟ್ರು ನೋಡುತ್ತಾರೆ, ಟೈಮ್ ಮಾತ್ರ ಇಟ್ಟುಕೊಂಡು ಹೋಗಿ.

ಬಾಯಿಯಲ್ಲಿ ಲೋಹದ ಪೋಸ್ಟ್ ಇದ್ದರೆ ಎಂಆರ್‌ಐ ಮಾಡಿಸಬಹುದಾ?

ಸಾಮಾನ್ಯವಾಗಿ ಮಾಡಿಸಬಹುದು. ತಲೆ, ಮುಖದ ಸ್ಕ್ಯಾನ್ ಆದರೆ ಲೋಹದ ಸುತ್ತ ಚಿತ್ರ ಕೆಡಬಹುದು, ಟೆಕ್ನೀಷಿಯನ್‌ಗೆ ಮೊದಲೇ ಹೇಳಿ. ಫೈಬರ್‌ಗೆ ಆ ತೊಂದರೆ ಇಲ್ಲ. ಬೆಂಡೋಲೆ, ವಾಚಿನ ಪಟ್ಟಿಗೆ ಚರ್ಮ ಕೆರೆಯುವವರು ನಿಕಲ್ ಇರುವ ಪೋಸ್ಟ್ ಬೇಡ ಎಂದು ಅಚ್ಚು ತೆಗೆಯುವ ಮುಂಚೆಯೇ ತಿಳಿಸಿ. ಲ್ಯಾಬಿಗೆ ಕಳಿಸುವ ಚೀಟಿಯಲ್ಲಿ ಕೋಬಾಲ್ಟ್-ಕ್ರೋಮಿಯಂ ಎಂದು ಬರೆದು ಕಳಿಸುತ್ತೇವೆ.